ಭಾವುಸಾಹೇಬನ ಪಾಳಿ

೧೪ ಅಕ್ಟೋಬರ್ ೨೦೨೫, ಮಂಗಳವಾರ

ವಿಂಡೋಸ್ ಹತ್ತಕ್ಕೆ ಸುರಕ್ಷತಾ ಅಪ್‌ಡೇಟ್ ಬರುವುದು ಇವತ್ತೇ ಕೊನೆ. ಸಕ್ಕರೆ ಕಾರ್ಖಾನೆಯ ಕಬ್ಬು ಕಟಾವಿನ ಪಾಳಿ ಪಟ್ಟಿ, ನಾನು ತುಂಬುವುದು, ಇರುವುದು ಅದೇ ಹಳೆಯ ಕಂಪ್ಯೂಟರಿನಲ್ಲಿ.

ಡೈರೆಕ್ಟರ್ ಭಾವುಸಾಹೇಬ ಬೆಳಿಗ್ಗೆಯೇ ವಕ್ಕರಿಸಿದ. “ಹಳೇದ ಇರ್ಲಿ ಬಿಡವಾ ಮನೀಷಾ, ಚಲೋ ನಡದೈತಿ.”

ನಡೆಯದೆ ಏನಾಗುತ್ತದೆ! ಮೊದಲು ನಾಟಿ ಮಾಡಿದವರಿಗೆ ಮೊದಲ ಪಾಳಿ; ಅದರಲ್ಲಿ ಆ ನಾಟಿಯ ತಾರೀಖು ತಿದ್ದಬಹುದು. ಹೋದ ವರ್ಷ ನನ್ನ ಕೈಯಿಂದಲೇ ತಿದ್ದಿಸಿ ತನ್ನ ಕಬ್ಬು ಮೊದಲು ಕಡಿಸಿಕೊಂಡ. ಅಲಖನೂರಿನಲ್ಲಿ ಅಪ್ಪನದು ಹೊಲದಲ್ಲೇ ಹೂ ಬಿಟ್ಟು ಬೆಂಡಾಯಿತು. ಕೇಳಲು ಹೋದ ಅಪ್ಪನಿಗೆ, “ಪಾಳಿ ಬರೂತನಕ ತಡಿ ಧರೆಪ್ಪಾ” ಎಂದು ನಕ್ಕಿದ್ದ.

“ವೈರಸ್ ಹೊಕ್ಕರ ಪಟ್ಟ್ಯಾಗ ನಿಮ್ಮ ಹೆಸರ ಉಳಿಯಾಂಗಿಲ್ರಿ,” ಎಂದೆ. ಹೆದರಿ, ಹೊಸ ಕಂಪ್ಯೂಟರಿಗೆ ತಾನೇ ಸಹಿ ಹಾಕಿದ.

ಹೊಸದರ ಜೊತೆ ಬರುವ ತಂತ್ರಾಂಶದಲ್ಲಿ ಒಮ್ಮೆ ತುಂಬಿದ ತಾರೀಖು ತಿದ್ದಲು ಬರುವುದಿಲ್ಲ. ಅವನ ನಿಜವಾದ ತಾರೀಖನ್ನೇ ತುಂಬುತ್ತೇನೆ. ಪಾಳಿ ಹಂಗಾಮಿನ ಕೊನೆಗೆ ಹೋಗುತ್ತದೆ; ಕಬ್ಬು ಒಣಗುತ್ತಿದೆಯೆಂದು ಮಾರ್ಚ್ ಬಿಸಿಲಲ್ಲಿ ಓಡಿ ಬರಲಿ. ಎದ್ದು ನಿಂತು, ರೀ ಹಚ್ಚಿಯೇ ಹೇಳುತ್ತೇನೆ: “ಪಾಳಿ ಬರೂತನಕ ತಡೀರಿ, ಸಾಹೇಬ್ರ.”