ರಬ್ಬರ್ ಬೆಳೆಯುವವನಿಗೆ ರಬ್ಬರ್ ಇಲ್ಲ ಎಂದವರಿಗೆ

ಫ್ರಿಜ್ ಕಂಪೆನಿಯ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಹಳೆಯ ಫ್ರಿಜ್ಜಿನ ಬಾಗಿಲಿನ ಸುತ್ತ ಇರುವ ರಬ್ಬರ್ ಹರಿದಿದೆ, ದುಡ್ಡು ಕೊಡುತ್ತೇನೆ, ಹೊಸತು ಕೊಡಿ ಎಂದು ಕೇಳಿದೆ. ಇಲ್ಲ ಎಂದಿರಿ. ದೂರು ಇಷ್ಟೇ. ಆದರೆ ಇಲ್ಲ ಎಂದದ್ದು ಯಾರಿಗೆ ಎಂಬುದು ತಮಗೆ ತಿಳಿಯಬೇಕು. ನಾನು ಕಡಬದ ಹತ್ತಿರ ಕೋಡಿಂಬಾಳದಲ್ಲಿ ರಬ್ಬರ್ ಬೆಳೆಯುವವನು. ನಮ್ಮ ಅಂಗಳದ ತಂತಿಯಲ್ಲಿ ಬಟ್ಟೆಗಿಂತ ಹೆಚ್ಚು ರಬ್ಬರ್ ಶೀಟ್ ಒಣಗುತ್ತದೆ. ಇಂಥವನಿಗೆ ರಬ್ಬರ್ ಇಲ್ಲ ಎನ್ನುವುದು ಮೀನುಗಾರನಿಗೆ ಉಪ್ಪುನೀರು ಸ್ಟಾಕ್ ಇಲ್ಲ ಎಂದ ಹಾಗಲ್ಲವೇ? ಪುತ್ತೂರು, ಸುಳ್ಯ, ಕಡಬ ಎಲ್ಲ ಕಡೆ ಹುಡುಕಿದೆ. ಸಿಕ್ಕಿದ ಯಾವುದೂ ತಮ್ಮ ಬಾಗಿಲಿಗೆ ಕೂರುವುದಿಲ್ಲ.

ತಾವು ಕಳಿಸಿದ ತಂತ್ರಜ್ಞರು ಬಂದರು. ಬಾಗಿಲನ್ನು ತೆರೆದರು, ಮುಚ್ಚಿದರು, ಮೊಬೈಲಿನಲ್ಲಿ ಫೋಟೊ ತೆಗೆದರು. "ಇದರ ಲೈಫ್ ಮುಗಿದಿದೆ ಸರ್. ಈ ಮಾಡೆಲ್ ಈಗ ಬರುದಿಲ್ಲ. ಎಕ್ಸ್‌ಚೇಂಜಿಗೆ ಹಾಕಿ" ಎಂದರು. ಅವರು ಹಾಗೆ ಹೇಳುವಾಗಲೂ ಫ್ರಿಜ್ಜು ಪಕ್ಕದಲ್ಲೇ ಗುಂಯ್ ಎನ್ನುತ್ತಿತ್ತು, ಒಳಗೆ ಐಸ್ ಆಗುತ್ತಿತ್ತು. ನನ್ನ ಹೆಂಡತಿ ಸುಪ್ರಿತಾ ಸುಮ್ಮನಿರುವವಳಲ್ಲ. "ಚಪ್ಪಲಿಯ ಬಾರು ತುಂಡಾದ್ರೆ ಕಾಲು ಬದಲಾಯಿಸಿ ಅಂತೀರಾ ಮಾರಾಯ್ರೆ?" ಎಂದು ಕೇಳಿದಳು. ಅವರು ಇನ್ನೊಂದು ಫೋಟೊ ತೆಗೆದು ಹೊರಟರು.

ಫ್ರಿಜ್ಜಿನಲ್ಲಿ ನಮ್ಮ ಬಂಗುಡೆ ಮೀನು ಮಾತ್ರ ಇದ್ದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅದರ ಮೇಲಿನ ತಟ್ಟೆಯಲ್ಲಿ ನೆರೆಮನೆಯ ಸಫಿಯಕ್ಕನ ಇನ್ಸುಲಿನ್ ಇದೆ. ಅವರ ಗಂಡ ಮೂಸಕುಂಞಿ, ನಮಗೆಲ್ಲ ಮೂಸಾಕ, ನನ್ನ ಜೊತೆಗೇ ಪುತ್ತೂರಿಗೆ ಬಂದು ಇದೇ ಮಾಡೆಲ್ ಕೊಂಡವರು. ಅವರ ಫ್ರಿಜ್ಜಿನ ಒಳಗಿನ ಕರೆಂಟಿನ ಬೋರ್ಡು ಸಿಡಿಲಿಗೆ ಸುಟ್ಟುಹೋಯಿತು. ಅದಕ್ಕೂ ತಮ್ಮ ಉತ್ತರ ಅದೇ: ಇಲ್ಲ. ಆದರೂ ಮೂಸಾಕ ಅದನ್ನು ಗುಜರಿಗೆ ಕೊಡಲಿಲ್ಲ. "ಎಲ್ಲಿಯಾದರೂ ಒಂದು ಬೋರ್ಡು ಸಿಗ್ತದೆ" ಎಂದು ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಮದ್ದು ನಮ್ಮಲ್ಲಿ ಎಂದು ಮಾತಾಗಿದೆ. ಈಗ ನಮ್ಮ ಬಾಗಿಲು ಸರಿಯಾಗಿ ಮುಚ್ಚದೆ ಒಳಗೆ ಸೆಖೆ ಹೊಕ್ಕರೆ ಕೆಡುವುದು ಬರೀ ಮೊಸರಲ್ಲ.

ಆದ್ದರಿಂದ ನಾನೇ ರಿಪೇರಿಗೆ ಇಳಿದೆ. ಹರಿದ ರಬ್ಬರನ್ನು ಕಿತ್ತೆಸೆದು, ತಂತಿಯ ಮೇಲಿನ ಶೀಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆ. ಅಂಟಿಗೆ ಪೇಟೆಗೆ ಯಾಕೆ ಹೋಗಬೇಕು, ಮರದಲ್ಲೇ ಇದೆಯಲ್ಲ ಎಂಬ ಜಂಬದಲ್ಲಿ ಆಗಷ್ಟೇ ತಂದ ರಬ್ಬರ್ ಹಾಲನ್ನೇ ಧಾರಾಳವಾಗಿ ಬಳಿದೆ. ಚೆನ್ನಾಗಿ ಕೂರಲಿ ಎಂದು ಬಾಗಿಲು ಮುಚ್ಚಿ ಕುರ್ಚಿ ಒತ್ತಿಟ್ಟೆ. ಕೂತಿತು ಮಾನ್ಯರೇ! ಬಾಗಿಲಿಗೂ ಅಂಟಿತು, ಪೆಟ್ಟಿಗೆಗೂ ಅಂಟಿತು. ಸಂಜೆ, ಊಟಕ್ಕೆ ಮುಂಚಿನ ಇಂಜೆಕ್ಷನ್ನಿಗೆಂದು ಸಫಿಯಕ್ಕ ಬಂದಾಗ ನಾನು ಹಿಡಿಯನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದೆ. ಬಾಗಿಲು ಬರುವ ಬದಲು ಇಡೀ ಫ್ರಿಜ್ಜೇ ನನ್ನ ಹಿಂದೆ ಬರುತ್ತಿತ್ತು.

"ಎಂತ ಸರ್ವೋತ್ತಮಣ್ಣ, ಫ್ರಿಜ್ಜನ್ನು ಪೇಟೆಗೆ ಕರ್ಕೊಂಡು ಹೋಗುದಾ?"

"ಬಾಗಿಲು ಸ್ವಲ್ಪ ಬಿಗಿ ಉಂಟು ಸಫಿಯಕ್ಕ."

"ಬಿಗಿ ಇರ್ಲಿ. ನನ್ನ ಮದ್ದು ಒಳಗೆ ಉಂಟಲ್ಲ?"

ಅವರು ನಗುತ್ತಲೇ ಕೇಳಿದರು. ನಾನು ಅಂಗಳಕ್ಕೆ ಓಡಿದೆ. ರಬ್ಬರ್ ಹಾಲು ಇಳಿಸುವ ಟ್ಯಾಪಿಂಗ್ ಕತ್ತಿ ತಂದು, ಮರ ಕೆತ್ತಿದ ಹಾಗೆ ಫ್ರಿಜ್ಜನ್ನು ಸುತ್ತಲೂ ಕೆತ್ತಿದೆ. ಕೊನೆಗೂ ಬಾಗಿಲು ಬಂತು. ಹಾಲು, ಮೊಸರು, ಬಂಗುಡೆ ಮೂರಕ್ಕೂ ರಬ್ಬರಿನದೇ ವಾಸನೆ. ಮದ್ದಿಗೆ ಏನೂ ಆಗಿರಲಿಲ್ಲ. ಸಫಿಯಕ್ಕ ಇಂಜೆಕ್ಷನ್ ತೆಗೆದುಕೊಂಡ ಮೇಲೆಯೇ ನಾನು ಕುಳಿತದ್ದು.

ಅಷ್ಟರಲ್ಲಿ ಸುಪ್ರಿತಾ ನಾನು ಕಿತ್ತೆಸೆದ ಹಳೆಯ ರಬ್ಬರನ್ನು ಎತ್ತಿದಳು. ಕತ್ತರಿಯೂ ಅದಕ್ಕೆ ಕಚ್ಚಿಕೊಂಡು ಮೇಲೆ ಬಂತು. "ಇದರೊಳಗೆ ಅಯಸ್ಕಾಂತ ಉಂಟು ಮಾರಾಯ್ರೆ. ಅದೂ ನಿಮ್ಮ ಮರದಲ್ಲಿ ಆಗ್ತದಾ?" ಎಂದಳು. ಇಷ್ಟು ವರ್ಷ ಬಾಗಿಲನ್ನು ಹಿಡಿದಿಟ್ಟದ್ದು ಯಾವುದು ಎಂದು ನನಗೆ ತಿಳಿದದ್ದು ಆವಾಗಲೇ.

ಮರುದಿನ ಬೆಳಿಗ್ಗೆ ಮೂಸಾಕ ಹೆಗಲ ಮೇಲೆ ಶಾಲಿನಂತೆ ಏನನ್ನೋ ಹಾಕಿಕೊಂಡು ಬಂದರು. ನೋಡಿದರೆ ಅವರ ಫ್ರಿಜ್ಜಿನ ಬಾಗಿಲಿನ ರಬ್ಬರ್. ಬೇಡ ಎಂದೆ. ಬೋರ್ಡು ಸಿಕ್ಕಿದ ದಿನ ಏನು ಮಾಡುತ್ತೀರಿ ಎಂದು ಕೇಳಿದೆ. "ಸಿಕ್ಕಿದಾಗ ನೋಡುವ. ಇವಳ ಮದ್ದು ಇವತ್ತು ಉಂಟಲ್ಲ" ಎಂದರು. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಸಂದಿಗೆ ಬೆರಳಿನಿಂದ ಒತ್ತಿ ಇಬ್ಬರೂ ಕೂರಿಸಿದೆವು. ಬಾಗಿಲು ಟಪ್ಪೆಂದು ಹಿಡಿಯಿತು. ಲೈಫ್ ಮುಗಿದದ್ದು ಈಗಲೂ ಓಡುತ್ತಿದೆ.

ಆಮೇಲೆ ತಮ್ಮ ಕಚೇರಿಯಿಂದ ಫೋನು ಬಂತು: ಸಮಸ್ಯೆ ಬಗೆಹರಿಯಿತೇ? ನಾವೇ ಸರಿ ಮಾಡಿಕೊಂಡೆವು ಎಂದೆ. ಅನಧಿಕೃತ ರಿಪೇರಿ ಮಾಡಿದರೆ ವಾರಂಟಿ ರದ್ದಾಗುತ್ತದೆ ಎಂದು ಎಚ್ಚರಿಸಿದರು. ಯಾವ ವಾರಂಟಿ ಸ್ವಾಮಿ? ಸತ್ತಿದೆ ಎಂದು ಘೋಷಿಸಿದವರೂ ತಾವೇ, ಅದರ ರೇಷನ್ ಕಾರ್ಡ್ ರದ್ದು ಮಾಡುತ್ತೇವೆ ಎಂದು ಹೆದರಿಸುವವರೂ ತಾವೇ. ಮನೆಯಲ್ಲೇ ರಿಪೇರಿ ಮಾಡುವುದು ಅಪಾಯ ಎಂಬುದನ್ನು ಒಪ್ಪುತ್ತೇನೆ, ಮಾಡಿ ನೋಡಿದ್ದೇನೆ. ಆದರೆ ಸಾಮಾನು ಕೊಡದವರು ಬುದ್ಧಿ ಹೇಳಲು ಮಾತ್ರ ಬರುವುದು ಯಾವ ಸೇವೆ?

ಹಾಗಾಗಿ ನನ್ನ ಬೇಡಿಕೆ ಬದಲಾಗಿದೆ. ನನಗೆ ಏನೂ ಬೇಡ. ಒಂದು ಬೋರ್ಡು, ಒಂದು ಬಾಗಿಲಿನ ರಬ್ಬರ್, ಎರಡನ್ನೂ ಮೂಸಕುಂಞಿಯವರ ಹೆಸರಿಗೆ ಕಳಿಸಿ. ಬಿಲ್ಲು ಹಾಕಿ, ಧರ್ಮಕ್ಕೆ ಬೇಡ. ಇಲ್ಲವೇ ಇಲ್ಲ ಎಂದಾದರೆ ಆ ಬೋರ್ಡಿನ ನಕ್ಷೆ ಕೊಡಿ, ಮಾಡುವವರನ್ನು ನಾವೇ ಹುಡುಕಿಕೊಳ್ಳುತ್ತೇವೆ. ಸಫಿಯಕ್ಕ ನಮ್ಮ ಮನೆಗೆ ಬರುವುದು ನಮಗೆ ಭಾರವಲ್ಲ. ಅವರಿಗೆ ಭಾರ. ದಿನಾ ಸಂಜೆ ಫ್ರಿಜ್ಜಿನ ಮುಂದೆ ನಿಂತು, ತಲೆ ತಗ್ಗಿಸಿ, "ನನ್ನಿಂದ ನಿಮಗೆ ಉಪದ್ರ" ಎನ್ನುತ್ತಾರೆ. ಉಪದ್ರ ಯಾರಿಂದ ಎಂದು ಅವರಿಗೆ ಹೇಳಿದ್ದೇನೆ. ತಮಗೂ ಗೊತ್ತಿರಲಿ ಎಂದು ಬರೆದಿದ್ದೇನೆ.

ಇಂತಿ,
ತಮ್ಮ ಮಾಡೆಲ್ ನಿಂತ ಮೇಲೂ ನಿಲ್ಲದೆ ಉಳಿದಿರುವ ಗ್ರಾಹಕ,
ಸರ್ವೋತ್ತಮ
ಕೋಡಿಂಬಾಳ