ಪುಡು ಜೈಲಿನ ಗೇಟಿನ ಬಳಿ ನಿಂತವನು

ಅಪ್ಪಾ,

ನಮ್ಮೂರಿನಲ್ಲಿ ಕೆಡವಿಹಾಕಿದ ಪುಡು ಜೈಲಿನ ಹಳೆಯ ಫೋಟೊವೊಂದಕ್ಕೆ ಕಟ್ಟು ಹಾಕಿಸಿ ನನ್ನ ಗಂಡ ನಮ್ಮ ಕಾಫಿ ಅಂಗಡಿಯಲ್ಲಿ ತೂಗುಹಾಕಿದ್ದಾನೆ. ಅದರಲ್ಲಿ ಗೇಟಿನ ಬಳಿ ನಿಂತಿರುವ ವಾರ್ಡರ್ ನೀನೇ ಎಂದು, ನೀನು ತೀರಿಕೊಂಡ ಮೇಲೂ, ಅವನಿಗೆ ಹೇಳಿಲ್ಲ.

ಇದು ಚೀನೀ ಪಂಚಾಂಗದ ಏಳನೆಯ ತಿಂಗಳು, ಹಸಿದ ಪ್ರೇತಗಳಿಗೆ ಎಡೆ ಇಡುವ ಕಾಲ. ಪಕ್ಕದ ಬೀದಿಯ ಯಿಪ್ ಅಜ್ಜಿ, ಒಳಗೆ ಗಲ್ಲಿಗೇರಿದ ಮಗನಿಗೆ ಜೈಲಿನ ಗೋಡೆಯ ಬುಡದಲ್ಲೇ ಅನ್ನ ಇಡುತ್ತಿದ್ದಳು. ಈಗ ಅಲ್ಲಿ ಮಾಲ್ ಇದೆ. ಇವತ್ತು ಬೆಳಿಗ್ಗೆ ನಮ್ಮ ಅಂಗಡಿಗೇ ಬಂದು ಆ ಚಿತ್ರದ ಕೆಳಗೆ ಎಡೆ ಇಟ್ಟಳು. ಆಮೇಲೆ ಕನ್ನಡಕ ಏರಿಸಿ ನಿನ್ನ ಮುಖ ನೋಡಿದಳು.

"ಇವನೇ ಕಣೇ! ಕೊನೇ ಭೇಟಿ ದಿನ ನನ್ ಮಗನ್ನ ಒಳಗೆ ಎಳ್ಕೊಂಡು ಹೋದವ್ನು. ಈ ಮೊರದಂಥ ಕಿವಿ ಮರೆಯೋಕಾಗುತ್ತಾ?"

ನಾನು ಕೂದಲನ್ನು ಕಿವಿಗಳ ಮೇಲೆ ಎಳೆದುಕೊಂಡೆ.

"ಇವನ ಮಕ್ಕಳು ಎಲ್ಲಿದಾರೆ, ಗೊತ್ತಾ ನಿಂಗೆ?"

"ಯಾರೂ ಇಲ್ವಂತೆ ಅಜ್ಜಿ."

ಅವಳು ತುಂಬ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಇನ್ನೊಂದು ಊದಿನಕಡ್ಡಿ ತೆಗೆದಳು.

"ಹಾಗಾದ್ರೆ ಈ ಪಾಪಿ ಹೊಟ್ಟೇನೂ ನಾನೇ ನೋಡ್ಬೇಕು. ದಿಕ್ಕಿಲ್ಲದ ಪ್ರೇತ. ಬೆಂಕಿಪೊಟ್ಟಣ ಕೊಡು."

ಕೊಟ್ಟೆ, ಅಪ್ಪಾ.