ಬಾಂಗ್ ಆದ ಮೇಲಿನ ದಾರಿ

19-8-1943, ಗುರುವಾರ. ಮದ್ದೂರು ಸ್ಟೇಷನ್

ರೈಲು ಇವತ್ತೂ ಲೇಟು. ಹುಚ್ಚೀರಯ್ಯನ ಇದ್ದಲು ಗ್ಯಾಸಿನ ಬಸ್ಸು ಮಾತ್ರ ಟೈಮಿಗೆ ಬಂತು, ಆಶ್ಚರ್ಯ! ಏರಿನಲ್ಲಿ ಎಲ್ಲರೂ ಇಳಿದು ತಳ್ಳಿದೆವು. ಯುದ್ಧ ಮುಗಿದು ಪೆಟ್ರೋಲ್ ಬರೋವರೆಗೆ ಇದೇ ಗತಿ. ಮಳವಳ್ಳಿಯಿಂದ ಇಲ್ಲಿಗೆ ಬಸ್ಸು, ಇಲ್ಲಿಂದ ಮಂಡ್ಯಕ್ಕೆ ರೈಲು. ಸಂಜೆ ಅದೇ ಉಲ್ಟಾ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರೋದು. ಕೆಲಸ ಇನ್ನೂ ಪಕ್ಕಾ ಆಗಿಲ್ಲ, ಟ್ರಯಲ್ ಮುಗಿಯೋವರೆಗೆ ಭಾನುವಾರವೂ ಡ್ಯೂಟಿ.

ಆದ್ರೂ ವರ್ಕ್‌ಶಾಪಿನ ಲೇತ್ ಮುಂದೆ ನಿಂತ್ರೆ ಎಲ್ಲ ಮರೆತುಹೋಗುತ್ತೆ. ಊರಲ್ಲಿ ಅಫ್ಸರ್ ಪಾಷಾ ಅವರ ಸೈಕಲ್ ಶಾಪಲ್ಲಿ ಪಂಕ್ಚರ್ ಹಾಕ್ಕೊಂಡಿದ್ರೆ ಇಂಥ ಕೆಲಸ ಎಲ್ಲಿ ಸಿಗ್ತಿತ್ತು? ನಿನ್ನೆ ಪಂಪಿನ ಶಾಫ್ಟ್ ಒಂದು ಮಾಡಿದೆ. ಮೇಸ್ತ್ರಿ ಪುಟ್ಟಮಾದಯ್ಯ ತಿರುಗಿಸಿ ತಿರುಗಿಸಿ ನೋಡಿ, "ಪರ್ವಾಗಿಲ್ಲ ಕಣ್ಲಾ ಬಾಬು" ಅಂದ್ರು. ಆ ಮನುಷ್ಯನ ಬಾಯಿಂದ ಅಷ್ಟು ಬಂದ್ರೆ ನನಗೆ ಹಬ್ಬ.

31-8, ಮಂಗಳವಾರ. ಬಸ್ಸಿನಲ್ಲಿ, ಕುಲುಕಾಟ

ಇವತ್ತೋ ನಾಳೆಯೋ ಚಂದ್ರ ಕಂಡ್ರೆ ರಂಜಾನ್ ಉಪವಾಸ, ರೋಜಾ ಶುರು. ಹೆಂಡತಿ ಫಕ್ರುಗೆ ಈಗ ಐದು ತಿಂಗಳು. ಬಸುರಿಗೆ ಮಾಫಿ ಇದೆ, ನಿನಗೆ ಬೇಡ ಕಣೇ ಅಂದೆ. ಕೇಳೋಳಾ?

"ಅಲ್ಲಾ ಎರಡು ಸಲ ಕೊಟ್ಟು ವಾಪಸ್ ತಗೊಂಡ. ಈ ಸಲ ಹಸಿದುಕೊಂಡೇ ಕೇಳ್ತೀನಿ" ಅಂದಳು.

ಎದುರು ಮನೆಯಿಂದ ಅತ್ತೆ ಸುಲ್ತಾನ್ ಬೀ ಬಂದು ಬೈದರು, ಅತ್ತರು. ಕೊನೆಗೆ ಒಂದೇ ಷರತ್ತು: ಸಂಜೆ ಮಸೀದಿಯಲ್ಲಿ ಬಾಂಗ್ ಆದ ತಕ್ಷಣ ತಿನ್ನಬೇಕು, ಗಂಡ ಬರಲಿ ಅಂತ ಕಾಯೋ ಹಾಗಿಲ್ಲ. ಹೂಂ ಅಂದಳು.

ಬಸಿರು ಇಳಿದ ಆ ಎರಡು ಸಲವೂ ಅವಳನ್ನ ಎತ್ತಿ ನಿಲ್ಲಿಸಿದ್ದು ಅತ್ತೆಯೇ. ಮಂಡ್ಯದಲ್ಲಿ ರೂಮು ಸಿಗುತ್ತೆ, ಅತ್ತೆ ಎಲ್ಲಿ ಸಿಗ್ತಾರೆ? ಅದಕ್ಕೇ ಈ ಓಡಾಟ.

6-9. ಸಂಜೆ

ಬಾಂಗ್ ಆಗೋ ಹೊತ್ತಿಗೆ ಬಸ್ಸು ಇನ್ನೂ ನಡುದಾರಿಯಲ್ಲಿ. ಹುಚ್ಚೀರಯ್ಯ ಸ್ಟೇರಿಂಗ್ ಹಿಡಿದೇ ಕೂಗ್ತಾನೆ: "ಲೇ ಬಾಬು, ಒತ್ತು ಮುಳುಗ್ತು, ಬಾಯ್ಗೇನಾರ ಆಕ್ಕೊಳ್ಲಾ!" ಖರ್ಜೂರ ಜೇಬಲ್ಲೇ ಇದೆ. ಆಮೇಲೆ ಅಂದೆ. ಅವಳ ಎದುರು ಕೂತೇ ರೋಜಾ ಬಿಡೋದು ಅಂತ ನನ್ನದೊಂದು ಹಠ. ಅವಳಿಗೆ ಹೇಳಿಲ್ಲ. ಹೇಳಿದ್ರೆ ಅವಳೂ ಕಾಯ್ತಾಳೆ.

ಮನೆಗೆ ಹೋದ್ರೆ ದಿನಾ ಇದೇ ಮಾತು.

"ನಿಮ್ಮದಾಯ್ತಾ?"

"ಆಯ್ತು. ನಿಂದು?"

"ಓ, ಆಗಲೇ!"

ಆದ್ರೂ ಇಬ್ಬರೂ ಎರಡೆರಡು ಬಟ್ಟಲು ಗಂಜಿ ಕುಡೀತೀವಿ. ಬಸುರಿ ಹಸಿವು ಅಂದುಕೊಂಡು ನನಗೆ ಖುಷಿ.

13-9, ಸೋಮವಾರ

ಮೇಸ್ತ್ರಿ ಕರೆದ್ರು. "ಟ್ರಯಲ್ಲು ಸಾಕು, ಪಕ್ಕಾ ಮಾಡ್ಕತೀನಿ. ಒಂದ್ವಾರದಲ್ಲಿ ಯೋಳು. ಆಮೇಲೆ ಬುಡ್ತೀನಿ ಗಿಡ್ತೀನಿ ಅನ್ನಂಗಿಲ್ಲ."

ಫಕ್ರುಗೆ ಹೇಳಿದೆ. ಕುಣಿಯೋದೊಂದು ಬಾಕಿ. "ಒಪ್ಕೊಂಡ್ ಬಿಡಿ. ಮಗು ಬರೋ ಹೊತ್ತಿಗೆ ಅಪ್ಪನಿಗೆ ಮಂಡ್ಯದಲ್ಲಿ ಪಕ್ಕಾ ಕೆಲಸ!"

ಒಪ್ಕೋತೀನಿ. ಇನ್ನೇನು ಯೋಚನೆ… ದಾರಿ ದೂರ, ಅಷ್ಟೇ ತಾನೆ.

17-9, ಶುಕ್ರವಾರ. ಕೆಲಸಕ್ಕೆ ಹೋಗಿಲ್ಲ

ನಿನ್ನೆ ಕಾಳಮುದ್ದನದೊಡ್ಡಿ ದಾಟಿದ ಮೇಲೆ ಬಸ್ಸು ನಿಂತಿತು. ಇದ್ದಲ ಒಲೆಯಲ್ಲಿ ಬೂದಿ ಗಟ್ಟಿಯಾಗಿ ಗ್ಯಾಸೇ ಬರಲಿಲ್ಲ. ನಾನೂ ಹುಚ್ಚೀರಯ್ಯನೂ ಸೇರಿ ಕೆರೆದು, ಬೂದಿ ತೆಗೆದು, ಮತ್ತೆ ಹೊತ್ತಿಸೋ ಹೊತ್ತಿಗೆ ಪೂರಾ ಕತ್ತಲು. ಊರು ಸೇರಿದಾಗ ನನಗೇ ತಲೆ ಸುತ್ತುತ್ತಿತ್ತು. ಬೀಳ್ತೀಯ ಕಣ್ಲಾ ಅಂತ ಹುಚ್ಚೀರಯ್ಯ ಮನೆವರೆಗೂ ಬಂದ.

ಫಕ್ರು ಬಾಗಿಲಿಗೆ ಒರಗಿ ಕೂತಿದ್ದಳು. ಕೂಗಿದ್ರೆ ಓ ಅನ್ನಲಿಲ್ಲ. ಮುಟ್ಟಿದೆ. ಕೈಕಾಲು ತಣ್ಣಗೆ, ತುಟಿ ಒಣಗಿ ಬಿರಿದಿತ್ತು. ಒಳಗೆ ಗಂಜಿ ಪಾತ್ರೆಯ ಮುಚ್ಚಳ ಕೂಡ ತೆಗೆದಿಲ್ಲ. ಅಯ್ಯೋ ಅಂತ ಕಿರುಚಿದೆ. ಅತ್ತೆ ಓಡಿ ಬಂದರು. ಬೆಲ್ಲದ ನೀರು ಚಮಚ ಚಮಚ ಹಾಕಿದ ಮೇಲೆ ಕಣ್ಣು ಬಿಟ್ಟಳು.

"ದಿನಾ ಹೀಗೇನಾ?" ಅಂದರು ಅತ್ತೆ.

ತಲೆ ಬಗ್ಗಿಸಿದಳು. ದಿನಾ ಹೀಗೇ.

ಹುಚ್ಚನ ಹಾಗೆ ಬೈದೆ. ಸುಳ್ಳಿ ಅಂದೆ, ಮಗುವಿನ ಮೇಲೆ ದಯೆ ಇಲ್ವಾ ಅಂದೆ. ಬಾಗಿಲಲ್ಲಿ ನಿಂತಿದ್ದ ಹುಚ್ಚೀರಯ್ಯ ತಡೆಯಲಾರದೆ ಬಾಯಿ ಹಾಕಿದ.

"ನೀನೇನು ಸಾಚಾನೇನ್ಲಾ? ಇವ್ನೂ ತಿಂದಿಲ್ಲ ಕಣಮ್ಮ. ಬಾಂಗ್ ಆದ್ರೂ ಖರ್ಜೂರ ದಿನಾ ಜೇಬಲ್ಲೇ ಮಡೀಕಂಡ್ ಬತ್ತಾನೆ."

ಅತ್ತೆ ಇಬ್ಬರನ್ನೂ ನೋಡಿದರು. "ಸೂರ್ಯ ಮುಳುಗಿದ ಮೇಲೂ ತಡ ಮಾಡೋದು ಯಾವ ರೋಜಾ? ಅಲ್ಲಾ ಕೇಳಿದ್ದಾ? ಇಬ್ಬರಿಗೂ ಬುದ್ಧಿ ಇಲ್ಲ!" ಅಂತ ಗದರಿ, ತಾವೇ ಬಿಕ್ಕಿ ಬಿಕ್ಕಿ ಅತ್ತರು. ಫಕ್ರು ನನ್ನ ತೋಳು ಹಿಡಿದವಳು ಮಲಗೋವರೆಗೂ ಬಿಡಲಿಲ್ಲ. ಅವಳ ಮೇಲೆ ಸಿಟ್ಟೂ ಬಂತು, ಹಿಂದೆಂದೂ ಇಲ್ಲದಷ್ಟು ಪ್ರೀತಿಯೂ ಬಂತು.

ಇವತ್ತಿಂದ ಅವಳಿಗೆ ರೋಜಾ ಇಲ್ಲ. ಅತ್ತೆ ಹುಕುಂ. ಆದ್ರೆ ನಾನು ತಡವಾಗಿ ಬಂದ್ರೆ ಅವಳು ಊಟಕ್ಕೂ ಕಾಯ್ತಾಳೆ. ಕಾಯಬೇಡ ಅಂದ್ರೆ ಹೂಂ ಅಂತಾಳೆ… ಆ ಹೂಂ ಎಂಥದ್ದು ಅಂತ ಗೊತ್ತಾಯ್ತಲ್ಲ.

20-9, ಸೋಮವಾರ. ಮಂಡ್ಯ ಸ್ಟೇಷನ್

ಹೇಳಿಬಿಟ್ಟೆ. ಆಗಲ್ಲ ಅಂತ.

ಮೇಸ್ತ್ರಿ ಬೀಡಿ ಹಚ್ಚಿದ್ರು. "ತಲೆ ಕೆಟ್ಟದೇನ್ಲಾ?" ಕಾರಣ ಹೇಳಿದೆ. ಬೀಡಿ ಕೆಳಗೆ ಹಾಕಿ ಹೊಸಕಿದ್ರು. ಆಮೇಲೆ, "ಮಗು ಆದ್ಮೇಲೆ ಬಾ. ಜಾಗ ಇದ್ರೆ ನೋಡುವ. ಇರಾಕಿಲ್ಲ, ಅದ್ನೂ ಯೋಳ್ಬುಟ್ಟಿರ್ತೀನಿ."

ಲೇತಿಗೆ ಎಣ್ಣೆ ಹಾಕಿ ಒರೆಸಿಟ್ಟು ಬಂದೆ. ಸುಳ್ಳೇಕೆ ಹೇಳಲಿ, ಅಳು ಬಂತು.

22-9

ಫಕ್ರು ಮಾತು ಬಿಟ್ಟಿದ್ದಾಳೆ. "ನಿಮ್ಮ ಕೆಲಸಕ್ಕೆ ನಾನೇ ಕಲ್ಲು ಹಾಕಿದೆ" ಅಂತ ಅತ್ತೆ ಹತ್ರ ಅಂದಳಂತೆ. ಅಫ್ಸರ್ ಪಾಷಾ ಏನೂ ಕೇಳದೆ ಸ್ಪ್ಯಾನರ್ ಕೈಗೆ ಕೊಟ್ರು. ಆರು ಪಂಕ್ಚರ್. ಬೇಜಾರು.

24-9, ಶುಕ್ರವಾರ. ಮಧ್ಯಾಹ್ನ

ನಮಾಜ್ ಮುಗಿಸಿ ಮನೆಗೆ ಬಂದೆ. ಶಾಪು ಇನ್ನೂ ತೆಗೆದಿಲ್ಲ. ಫಕ್ರು ಕಿಟಕಿ ಹತ್ರ ಚಾಪೆ ಮೇಲೆ ನಿದ್ದೆ. ಮುಖದ ಮೇಲೆ ಬಿಸಿಲು.

ಎರಡೂ ಕೆನ್ನೆ ಮೇಲೆ ಬಂಗು. ಕಂದು ಕಂದಾಗಿ, ಮೂಗಿನವರೆಗೂ ಹರಡಿದೆ. ಇದು ಯಾವಾಗ ಬಂತು? ಬಸುರಿಗೆ ಬರುತ್ತಂತೆ, ಕೇಳಿದ್ದೆ. ಒಂದೇ ದಿನಕ್ಕೆ ಬರೋದಲ್ಲ ಇದು. ಚಿಮಣಿ ಬೆಳಕಲ್ಲಿ ದಿನಾ ಎದುರು ಕೂತು ಗಂಜಿ ಕುಡಿದೆನಲ್ಲ, ನನಗೆ ಕಂಡೇ ಇಲ್ಲ.

ಎಷ್ಟು ಹೊತ್ತು ನೋಡ್ತಾ ಕೂತೆನೋ. ಕಣ್ಣು ಬಿಟ್ಟಳು. ಮುನಿಸು ನೆನಪಿಲ್ಲ, ಇನ್ನೂ ನಿದ್ದೆಗಣ್ಣು.

"ಏನ್ ಹಾಗೆ ನೋಡ್ತೀರಾ? ಬಸ್ಸಿಗೆ ಹೊತ್ತಾಗಲ್ವಾ?"

ಬಸ್ಸಿಲ್ಲ ಕಣೇ ಅಂದೆ.

ಥಟ್ಟನೆ ಹೊಟ್ಟೆ ಮೇಲೆ ಕೈ ಇಟ್ಕೊಂಡು ನಗ್ತಿದ್ದಾಳೆ. ಅದೇನು ಬರೀತೀರಾ, ಬಿಡಿ, ಬೇಗ ಕೈ ಕೊಡಿ, ಇಲ್ಲಿ, ಈಗಲೇ ಅಂತ—